ಇಬ್ಬರು ಕೂತರೆ ಮೂವತ್ತೈದು ಮಿಲಿಮೀಟರ್

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇಷ್ಟು ಹೊತ್ತಿಗೆ ಮುಗಿಸಿ ಕಾಲು ಚಾಚಿ ಕೂತಿರುತ್ತಿದ್ದೆ. ಮೊದಲ ಸಲ ಹೀಗೆ ಶುರುಮಾಡಿದ್ದೆ: "ಸುಪೀರಿಯರ್ ಸರೋವರದಿಂದ ಬೀಸುವ ಚಳಿಗಾಳಿಯನ್ನು ಸೀಳಿಕೊಂಡು ಒಂಟಿ ಸವಾರನೊಬ್ಬ..."

ಅಷ್ಟಕ್ಕೇ ವರ್ಲಿನ್ ಕಾಂಗಸ್ ಅಡ್ಡಬಾಯಿ ಹಾಕಿದ.

"ಒಂಟಿ ಅಂತ ಯಾರು ಹೇಳಿದ್ರು ನಿಂಗೆ? ಮದುವೆಯಾಗಿ ಮೂವತ್ನಾಲ್ಕು ವರ್ಷ ಆಯ್ತು. ಹಿಂದಿನ ಸೀಟಲ್ಲಿ ಮಾರ್ಲಿಸ್ ಇಲ್ದೆ ನಾನು ಪೆಟ್ರೋಲ್ ಹಾಕ್ಸೋಕೂ ಹೋದೋನಲ್ಲ."

ಹೊಡೆದು ಹಾಕಿದೆ. (ಗಾಳಿಯನ್ನೂ ಹೊಡೆದು ಹಾಕಿದೆ. ಆ ಸರೋವರದ ದಂಡೆಯಲ್ಲಿರುವ, ಮಿನ್ನೆಸೋಟ ರಾಜ್ಯದ ನಮ್ಮ ಡುಲೂತ್‌ನಲ್ಲಿ ಗಾಳಿ ಬೀಸುತ್ತದೆ ಎಂದು ಬರೆಯುವುದು ವರ್ಲಿನ್‌ಗೆ ಮೂಗಿದೆ ಎಂದು ಬರೆದ ಹಾಗೆ.)

ಎರಡನೇ ಸಲ ಬೈಕಿನಿಂದ ಶುರುಮಾಡಿದೆ. ಬೈಕಿನ ವಿಷಯದಲ್ಲಿ ನನ್ನ ತಿಳಿವಳಿಕೆ ಇಷ್ಟು: ಎರಡು ಚಕ್ರ ಇರುತ್ತವೆ, ಹಿಡಿದುಕೊಳ್ಳದಿದ್ದರೆ ಬೀಳುತ್ತದೆ. ಆ ಡ್ರಾಫ್ಟು ಎರಡು ಸಾಲಿಗೇ ಉಸಿರು ಬಿಟ್ಟಿತು.

ಮೂರನೇ ಸಲ ಬರೆದದ್ದು ಒಂದೇ ಪದ. ಅದನ್ನೇ ಇಟ್ಟುಕೊಳ್ಳೋಣ.

ಟಕ್.

೨

ಟಕ್ ಎಂದರೆ ಮಾರ್ಲಿಸ್‌ಳ ಹೆಲ್ಮೆಟ್ಟು ವರ್ಲಿನ್‌ನ ಹೆಲ್ಮೆಟ್ಟಿಗೆ ಹಿಂದಿನಿಂದ ಬಡಿದ ಸದ್ದು. ಬೈಕಿನ ಮುಂದಿನ ಚಕ್ರವನ್ನು ಎರಡೂ ಕಡೆ ಹಿಡಿದಿರುವ ಎರಡು ಕೊಳವೆಗಳಿಗೆ ಫೋರ್ಕ್ ಎನ್ನುತ್ತಾರೆ. ಒಳಗೆ ಸ್ಪ್ರಿಂಗು, ಎಣ್ಣೆ. ಹದಿನಾರು ವರ್ಷ ಓಡಿದ ಬೈಕಿನಲ್ಲಿ ಆ ಸ್ಪ್ರಿಂಗು ಸೋತು ಹೋಗಿರುತ್ತದೆ. ಬ್ರೇಕ್ ಹಾಕಿದರೆ ಬೈಕು ಮೂತಿ ನೆಲಕ್ಕಿಟ್ಟು ಮುಗ್ಗರಿಸುತ್ತದೆ, ಹಿಂದೆ ಕೂತವರ ತಲೆ ಮುಂದೆ ಕೂತವರ ತಲೆಗೆ ಹೋಗಿ ಬಡಿಯುತ್ತದೆ. ಬೇರೆಯವರಾದರೆ ಹೆಲ್ಮೆಟ್ಟು ಸವರಿಕೊಂಡು ಮುಂದೆ ಹೋಗುತ್ತಾರೆ. ಮಾರ್ಲಿಸ್‌ಗೆ ಎರಡು ವರ್ಷದ ಹಿಂದೆ ಕುತ್ತಿಗೆಯ ಆಪರೇಷನ್ ಆಗಿದೆ. ಎರಡು ಮೂಳೆಗೆ ಒಂದು ತಗಡು ಹಾಕಿ ಸ್ಕ್ರೂ ಬಿಗಿದಿದ್ದಾರೆ. ಬೈಕು ಹತ್ತಬಹುದು, ಕುಲುಕಾಟ ಕೂಡದು ಎಂದಿದ್ದಾರೆ ಡಾಕ್ಟರು.

ಎರಡು ವರ್ಷ ಕಾದು, ಈ ಮೇ ತಿಂಗಳಲ್ಲಿ ಮೊದಲ ಸಲ ಹೊರಟರು. ಬೆಟ್ಟದ ಬೀದಿ ಇಳಿಯುವಲ್ಲಿ, ಕೆಂಪು ದೀಪದ ಹತ್ತಿರ, ಟಕ್.

ಮಾರ್ಲಿಸ್ ಮನೆಗೆ ಬಂದು ಜಾಕೆಟ್ಟನ್ನು ಗೂಟಕ್ಕೆ ಸಿಕ್ಕಿಸಿದ ಮೇಲೆ ಅಂದಳು. "ಇನ್ನೊಂದು ಸಲ ತಗುಲಿದ್ರೆ ಇಳಿದುಬಿಡ್ತೀನಿ ವರ್ಲಿನ್. ಇಳಿದ್ಮೇಲೆ ಮತ್ತೆ ಹತ್ತಲ್ಲ. ನಂಗೆ ಕೋಪ ಇಲ್ಲ. ಕುತ್ತಿಗೆ ಇದೆ."

ಈಗ ಓದುಗರೇ, ಈ ಹೆಂಗಸನ್ನು ಸರಿಯಾಗಿ ತಿಳಿದುಕೊಳ್ಳಿ. ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಜನವರಿಯ ಐಸಿನ ಮೇಲೆ ಅರವತ್ತು ಮಕ್ಕಳನ್ನು ಕೂರಿಸಿಕೊಂಡು ಇದೇ ಇಳಿಜಾರಿನಲ್ಲಿ ಒಬ್ಬರ ಹಾಲುಹಲ್ಲೂ ಅಲುಗದ ಹಾಗೆ ಬ್ರೇಕ್ ಹಾಕಿದವಳು. ಅದೇ ಬಸ್ಸುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದವನು ವರ್ಲಿನ್. ಇಬ್ಬರೂ ಹೋದ ವರ್ಷ ನಿವೃತ್ತರಾದರು. ಪ್ರತಿ ಸೆಪ್ಟೆಂಬರ್ ಇಪ್ಪತ್ತಕ್ಕೆ, ಮದುವೆಯ ದಿನ, ಸರೋವರದ ದಂಡೆ ಹಿಡಿದು ನೂರಹತ್ತು ಮೈಲಿ ಮೇಲೆ ಗ್ರಾಂಡ್ ಮರೇ ಎಂಬ ಊರಿನವರೆಗೆ ಹೋಗಿ, ಒಂದೊಂದು ತುಂಡು ಬ್ಲೂಬೆರಿ ಪೈ ಎಂಬ ಹಣ್ಣಿನ ಕಡುಬು ತಿಂದು, ಒಂದು ರಾತ್ರಿ ಇದ್ದು ಬರುವುದು ಅವರ ಪದ್ಧತಿ. ಎರಡು ವರ್ಷ ತಪ್ಪಿದೆ. ಮೂರನೇ ವರ್ಷವೂ ತಪ್ಪಿದರೆ ಬೈಕನ್ನು ತೆಗೆದುಕೊಂಡು ಹೋಗು ಎಂದು ಪಕ್ಕದೂರು ಹರ್ಮನ್‌ಟೌನಿನ ಒಬ್ಬನಿಗೆ ವರ್ಲಿನ್ ಹೇಳಿಬಿಟ್ಟಿದ್ದಾನೆ. ಅವಳು ಕೂರದ ಬೈಕು ಅವನಿಗೂ ಬೇಡ.

(ಹಾಗಂತ ಅವನು ಅವಳಿಗೆ ಹೇಳಿಲ್ಲ. ನನಗೆ ಹೇಳಿದ್ದಾನೆ. ಇನ್ನು ನಿಮಗೂ ಗೊತ್ತು, ಬಾಯಿ ಬಿಡಬೇಡಿ.)

೨, ಮತ್ತೆ

(ಹಿಂದಿನದು ಉದ್ದವಾಯಿತು. ಕತ್ತರಿಸಲು ಮನಸ್ಸಾಗಲಿಲ್ಲ, ಹಾಗಾಗಿ ಅದೇ ನಂಬರಿನಲ್ಲಿ ಮುಂದುವರಿಯುತ್ತೇನೆ.)

ವರ್ಲಿನ್ ಮೊದಲು ಮಾಡಿದ್ದು ಊರಿನ ಗಂಡಸರೆಲ್ಲ ಮಾಡುವುದನ್ನೇ. ಫೋರ್ಕಿನ ಎಣ್ಣೆ ತೆಗೆದು ಅದಕ್ಕಿಂತ ದಪ್ಪ ಎಣ್ಣೆ ಸುರಿದ. ಎಣ್ಣೆ ದಪ್ಪಗಿದ್ದರೆ ಮುಗ್ಗರಿಸುವುದು ನಿಲ್ಲುತ್ತದೆ ಎಂದು ಅವನ ವಾದ. ನಿಲ್ಲಲಿಲ್ಲ, ಸ್ವಲ್ಪ ತಡವಾಯಿತು ಅಷ್ಟೆ. ಹಿಂದಿನ ಸೀಟಿನಲ್ಲಿ ಒಂದು ಮೂಟೆ ನಾಯಿ ತಿಂಡಿ ಕಟ್ಟಿ, ಅದರ ಮೇಲೆ ಮಾರ್ಲಿಸ್‌ಳ ಹೆಲ್ಮೆಟ್ಟು ಕೂರಿಸಿಕೊಂಡು ಅದೇ ಕೆಂಪು ದೀಪದವರೆಗೆ ಹೋಗಿ ಬಂದ.

"ಏನಾಯ್ತು?" ಎಂದು ಕೇಳಿದೆ.

"ಮೂಟೆ ಮುಂದಕ್ಕೆ ಬಂತು."

"ಹಾಗಾದ್ರೆ ಗೊತ್ತಿರೋರಿಗೆ ಕೊಡಿ. ಇದಕ್ಕೇ ಅಂತ ಸ್ಪೆಷಲಿಸ್ಟು ಇರ್ತಾರಂತೆ."

"ಸ್ಪೆಷಲಿಸ್ಟು!" ಸ್ಪ್ಯಾನರನ್ನು ಕೆಳಗಿಟ್ಟ. "ಹನ್ನೆರಡು ಟನ್ ಬಸ್ಸನ್ನ ಎತ್ತಿ ಕೂರಿಸಿದೋನು ನಾನು. ಮೂವತ್ತು ವರ್ಷದಲ್ಲಿ ಒಂದು ಬಸ್ಸಾದ್ರೂ ಮುಗ್ಗರಿಸಿದ್ದು ನೋಡಿದ್ಯಾ?"

ಮಾರ್ಲಿಸ್ ಅಡುಗೆಮನೆಯ ಕಿಟಕಿಯಿಂದಲೇ ಅಂದಳು. "ಬಸ್ಸಲ್ಲಿ ನಾನು ನಿನ್ನ ಹಿಂದೆ ಕೂತಿರ್ಲಿಲ್ಲ ಮಾರಾಯ. ನಾನೇ ಓಡಿಸ್ತಿದ್ದೆ."

ಸ್ಪೆಷಲಿಸ್ಟು ಇದ್ದದ್ದು ಸೇತುವೆಯಾಚೆ, ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನಲ್ಲಿ. ಹೆಸರು ಟ್ರೂಡಿ ಪೆಲ್ಕಿ. ಹಿಂದೆ ಹಾಲು ಕರೆದಿಡುತ್ತಿದ್ದ ಒಂದು ಕೋಣೆಯಲ್ಲಿ ಕೂತು ಫೋರ್ಕ್ ಮತ್ತು ಶಾಕ್ ಅಬ್ಸಾರ್ಬರ್ ಬಿಟ್ಟು ಬೇರೇನನ್ನೂ ಮುಟ್ಟದ ಹೆಂಗಸು. ಟೈರ್ ಬದಲಿಸಿ ಎಂದರೆ ಬಾಗಿಲು ತೋರಿಸುತ್ತಾಳೆ. ಆರು ವಾರ ಕಾಯಬೇಕು.

ಮಾರ್ಲಿಸ್ ಜೂನಿನಲ್ಲಿ ಒಮ್ಮೆ ಅವಳ ಹೆಸರು ಎತ್ತಿದಳು. ವರ್ಲಿನ್, "ಬೇಡ, ಬೇಡ" ಎಂದ. ಒಂದು ವಾರ ಬಿಟ್ಟು ಮತ್ತೆ ಎತ್ತಿದಳು. "ಛೆ, ಅಷ್ಟೆಲ್ಲಾ ಯಾಕೆ" ಎಂದ. ಮೂರನೇ ಸಲ ಕಾಫಿ ಕೊಡುವಾಗ ಕೇಳಿದಳು. "ಸರಿ, ಕೇಳಿ ನೋಡೋದ್ರಲ್ಲಿ ಏನಿದೆ" ಎಂದ. ನಮ್ಮ ಮಿನ್ನೆಸೋಟದಲ್ಲಿ ಯಾವುದಕ್ಕೂ ಮೂರನೇ ಸಲ ಕೇಳಿದಾಗಲೇ ಹೂಂ ಅನ್ನುವುದು. (ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮೊದಲ ಸಲಕ್ಕೇ ಹೂಂ ಎಂದು ಎಷ್ಟು ಮನೆಗಳಲ್ಲಿ ಮರ್ಯಾದೆ ಕಳೆದುಕೊಂಡೆನೋ. ಆಮೇಲೆ ಬುದ್ಧಿ ಬಂದು ಬೇಡ ಎನ್ನತೊಡಗಿದೆ. ನನ್ನನ್ನು ಮೂರನೇ ಸಲ ಯಾರೂ ಕೇಳಲಿಲ್ಲ.)

೪

ಮೂರು ಇಲ್ಲ. ಮೂರರಲ್ಲಿ ವರ್ಲಿನ್‌ನ ಬಾಲ್ಯವಿತ್ತು. ಅವನೇ ಓದಿ, "ಇದು ಯಾರ ಕಥೆ?" ಎಂದು ಕೇಳಿದ.

ಟ್ರೂಡಿ ಒಂದು ಫಾರ್ಮ್ ಕಳಿಸಿದಳು. ಅದರಲ್ಲಿ ನಾಲ್ಕೇ ಪ್ರಶ್ನೆ. ಯಾವ ಬೈಕು. ಓಡಿಸುವುದು ನಿಧಾನವೋ, ಸಾಧಾರಣವೋ, ಜೋರೋ. ಓಡಿಸುವವರ ತೂಕ ಎಷ್ಟು. ಹಿಂದೆ ಕೂರುವವರ ತೂಕ ಎಷ್ಟು. ಕೊನೆಯ ಎರಡರ ಪಕ್ಕದಲ್ಲಿ, ಜಾಕೆಟ್ಟು, ಬೂಟು, ಹೆಲ್ಮೆಟ್ಟು ಸಮೇತ ಎಂದು ದಪ್ಪಕ್ಷರದಲ್ಲಿತ್ತು. ಎಷ್ಟು ಗಟ್ಟಿ ಸ್ಪ್ರಿಂಗು ಹಾಕಬೇಕು ಎಂಬುದು ಆ ಎರಡು ಸಂಖ್ಯೆಗಳ ಮೇಲೇ ನಿಂತಿದೆ.

ವರ್ಲಿನ್ "ಜೋರು" ಎಂಬುದಕ್ಕೆ ಗುರುತು ಹಾಕಿ, ತನ್ನ ತೂಕ ಇನ್ನೂರ ಮೂವತ್ತೈದು ಪೌಂಡ್ ಎಂದು ಬರೆದ.

ಇಲ್ಲಿ ನಾನು ಅವನ ಕೈ ಹಿಡಿದು ತಡೆದೆ.

"ವರ್ಲಿನ್, ಇದು ಸುಳ್ಳು."

"ನಿಂಗೇನು ಗೊತ್ತು?"

"ನಿಮ್ಮನ್ನ ಬರೀತಿರೋನು ನಾನು."

"ಬರಿಯೋನಾದ್ರೆ ಹೊಟ್ಟೆ ಸ್ವಲ್ಪ ಕಮ್ಮಿ ಬರಿ. ನಿಂಗೇನು ಗಂಟು ಹೋಗುತ್ತೆ?"

"ಹೊಟ್ಟೆ ನಾನು ಬರೆದೇ ಇಲ್ಲ, ಬೇಕಾದ್ರೆ ಹಿಂದೆ ತಿರುವಿ ನೋಡಿ. ಅದು ನಿಮ್ದೇ ಸ್ವಂತದ್ದು. ನನ್ನ ಕಥೆಯ ನಾಯಕ ಒಂದು ಫಾರ್ಮಿನಲ್ಲಾದ್ರೂ ನಿಜ ಬರೆಯೋ ಮನುಷ್ಯ ಆಗಿರ್ಬೇಕು ಅಂತ ಆಸೆ ನಂಗೆ."

ಅರ್ಧ ಗಂಟೆ ಗುದ್ದಾಡಿದೆವು. ನಾನು ಬಹಳ ದೊಡ್ಡ ದೊಡ್ಡ ಮಾತು ಆಡಿದೆ. ಸತ್ಯ ಎಂಬ ಪದವನ್ನು ನಾಲ್ಕು ಸಲ ಬಳಸಿದೆ ಎಂದು ಈಗ ಡ್ರಾಫ್ಟು ನೋಡಿದರೆ ತಿಳಿಯುತ್ತದೆ, ನಾಚಿಕೆಯಾಗುತ್ತದೆ. ಕಡೆಗೆ ಅವನು ಸಿಡುಕಿಕೊಂಡು ಜಾಕೆಟ್ಟು, ಬೂಟು ಹಾಕಿ, ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಚ್ಚಲುಮನೆಯ ತೂಕದ ಯಂತ್ರ ಹತ್ತಿದ. ಇನ್ನೂರ ಅರವತ್ತೊಂದು. ಹಲ್ಲು ಕಚ್ಚಿ ಬರೆದ. "ಜೋರು" ಎಂಬುದನ್ನೂ ಹೊಡೆದು "ಸಾಧಾರಣ" ಮಾಡಿದ.

ಉಳಿದದ್ದು ಕೊನೆಯ ಪ್ರಶ್ನೆ. ಹನ್ನೆರಡು ಟನ್ ಬಸ್ಸಿನ ಕೆಳಗೆ ಮಲಗಲು ಹೆದರದ ಮನುಷ್ಯ ಅಡುಗೆಮನೆಯ ಬಾಗಿಲಲ್ಲಿ ಐದು ನಿಮಿಷ ನಿಂತ. ನಿಂತಲ್ಲೇ ಗಂಟಲು ಸರಿಮಾಡಿಕೊಂಡ.

"ಮಾರ್ಲಿಸ್... ಆ ಫಾರ್ಮಲ್ಲಿ... ಸುಮ್ನೆ ಒಂದು ಅಂದಾಜು ಬೇಕಂತೆ..."

ಅವಳು ಕೈ ಒರೆಸಿಕೊಂಡು ಬಂದಳು, ಜಾಕೆಟ್ಟು ಹಾಕಿಕೊಂಡಳು, ಯಂತ್ರ ಹತ್ತಿದಳು, ಇಳಿದಳು, ಪೆನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಬರೆದಳು. ನೂರ ಎಪ್ಪತ್ತೆರಡು.

"ಕೇಳಿದ್ರೆ ಹೇಳ್ತಿದ್ನಲ್ಲೋ," ಎಂದಳು. "ಮೂವತ್ನಾಲ್ಕು ವರ್ಷ ಕೇಳ್ಲೇ ಇಲ್ಲ ನೀನು."

ಆ ದಿನ ನನ್ನ ಬಗ್ಗೆ ನನಗೇ ಬಹಳ ಹೆಮ್ಮೆಯಾಯಿತು.

(ಇಲ್ಲಿಗೇ ಮುಗಿಸಿಬಿಡಬೇಕಿತ್ತು. ಅಂತ್ಯ ಎ ಬರೆದಿಟ್ಟೂ ಆಗಿತ್ತು. ಫೋರ್ಕ್ ವಾಪಸು ಬರುತ್ತದೆ, ಬೈಕು ಮೆತ್ತಗೆ ಓಡುತ್ತದೆ, ಗ್ರಾಂಡ್ ಮರೇ ದಂಡೆಯಲ್ಲಿ ಇಬ್ಬರೂ ಪೈ ತಿನ್ನುತ್ತಿರುವಾಗ ಸರೋವರದಲ್ಲಿ ಸೂರ್ಯ ಮುಳುಗುತ್ತಾನೆ. ಮಾರ್ಲಿಸ್ ಓದಿ, "ಅಲ್ಲಿ ಸೂರ್ಯ ಸರೋವರದಲ್ಲಿ ಹುಟ್ಟೋದಪ್ಪಾ, ಮುಳುಗೋದು ಹಿಂದುಗಡೆ ಬೆಟ್ಟಕ್ಕೆ" ಎಂದಳು. ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೇನೆ. ಬೆಳಿಗ್ಗೆ ಬೇಗ ಏಳುವ ಅಭ್ಯಾಸವಿಲ್ಲ, ಏನು ಮಾಡಲಿ.)

೫

ಸೆಪ್ಟೆಂಬರ್ ಎಂಟಕ್ಕೆ ಫೋರ್ಕ್ ಬಂತು. ಹೊಸ ಸ್ಪ್ರಿಂಗು, ಹೊಸ ಎಣ್ಣೆ, ಪಳಪಳ ಹೊಳೆಯುವ ಕೊಳವೆ. ವರ್ಲಿನ್ ಅದನ್ನು ಬೈಕಿಗೆ ಜೋಡಿಸುವಾಗ ಟ್ರೂಡಿಯ ಕೆಲಸದಲ್ಲಿ ತಪ್ಪು ಹುಡುಕಲು ತುಂಬಾ ಪ್ರಯತ್ನಪಟ್ಟ. ಸಿಗಲಿಲ್ಲ. "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಪದವಿಯಿಲ್ಲ.

ಇಬ್ಬರೂ ಹತ್ತಿ ಹೊರಟರು. ಕೆಂಪು ದೀಪದ ಹತ್ತಿರ ಬ್ರೇಕ್ ಹಾಕಿದ. ಟಕ್ ಇಲ್ಲ. ನಾನು ಮನೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದವನು ಒಬ್ಬನೇ ಚಪ್ಪಾಳೆ ತಟ್ಟಿದೆ. ಆದರೆ ಬೀದಿ ತಿರುಗಿ, ಚಳಿಗಾಲದಲ್ಲಿ ಒಡೆದ ಡಾಂಬರಿನ ಮೇಲೆ ಬರುವಾಗ ಬೈಕು ಪ್ರತಿ ಬಿರುಕಿಗೂ ಕುದುರೆಯ ಹಾಗೆ ಎಗರಿತು. ಮೂರನೇ ಬಿರುಕಿಗೆ ಮಾರ್ಲಿಸ್ ಅವನ ಭುಜ ತಟ್ಟಿ ನಿಲ್ಲಿಸಿದಳು. ಇಳಿದಳು. ಹೆಲ್ಮೆಟ್ಟು ತೆಗೆದು, ಕುತ್ತಿಗೆಯ ಹಿಂದೆ ಕೈಯಿಟ್ಟುಕೊಂಡು, ಮನೆಯವರೆಗೆ ನಡೆದೇ ಬಂದಳು.

"ಹೇಗಿತ್ತು?" ಎಂದು ನಾನು ಕೇಳಬಾರದಿತ್ತು.

"ಬೇರೆ ಥರ ಇದೆ," ಎಂದಳು.

ಮಿನ್ನೆಸೋಟದವರು ಬೈಯುವುದಿಲ್ಲ. ಮದುವೆಯಲ್ಲಿ ಊಟ ಹಳಸಿದ್ದರೆ, ಸೊಸೆ ತಲೆಗೆ ಹಸಿರು ಬಣ್ಣ ಹಚ್ಚಿಕೊಂಡು ಬಂದರೆ, "ಬೇರೆ ಥರ ಇದೆ" ಎನ್ನುತ್ತಾರೆ. ವರ್ಲಿನ್ ಬೈಕನ್ನು ತಳ್ಳಿಕೊಂಡು ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿ, ಅದರ ಪಕ್ಕದಲ್ಲಿ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತುಬಿಟ್ಟ. ಅವನ ಮುಖ ನೋಡಲಾಗಲಿಲ್ಲ ನನಗೆ.

ಟ್ರೂಡಿಗೆ ಫೋನು ಮಾಡಿದ. ಸ್ಪೀಕರಿನಲ್ಲಿ ಹಾಕಿದ.

"ಫಾರ್ಮ್ ನನ್ ಮುಂದೆ ಇದೆ ರೀ ಕಾಂಗಸ್," ಎಂದಳು ಟ್ರೂಡಿ. "ಇನ್ನೂರ ಅರವತ್ತೊಂದು ಬರ್ದಿದೀರಿ. ನಾನು ಇನ್ನೂರ ಎಂಬತ್ತಾರಕ್ಕೆ ಸ್ಪ್ರಿಂಗ್ ಹಾಕಿದೀನಿ."

"ಯಾಕೆ?"

"ಯಾಕೆ ಅಂದ್ರೆ? ಗಂಡಸ್ರು ಬರೆದ ತೂಕಕ್ಕೆ ಇಪ್ಪತ್ತೈದು ಸೇರಿಸ್ಕೊಳ್ಳೋದು ನನ್ ಪದ್ಧತಿ. ಹಿಂದೆ ಕೂರೋ ಹೆಂಗಸ್ರ ತೂಕಾನೂ ಗಂಡಸ್ರೇ ಬರೀತಾರೆ, ಹೆದರ್ಕೊಂಡು ಬರೀತಾರೆ, ಅದಕ್ಕೆ ಮೂವತ್ತು. ಹದಿನೆಂಟು ವರ್ಷದಿಂದ ಹಿಂಗೇ ಮಾಡ್ತಿದೀನಿ, ಒಂದ್ಸಲಾನೂ ತಪ್ಪಿಲ್ಲ."

"ನಾವು ನಿಜ ಬರೆದಿದ್ವಿ."

ಆ ಕಡೆ ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡುವ ಸದ್ದು ಕೇಳಿಸಿತು.

"ಯಾರಾದ್ರೂ ನಿಜ ಬರೀತಾರೇನ್ರೀ?" ಎಂದಳು ಕೊನೆಗೆ, ನಿಜವಾಗಿಯೂ ನೊಂದುಕೊಂಡು. "ಮೊದ್ಲೇ ಒಂದು ಮಾತು ಹೇಳಬಾರ್ದಾ? ತಪ್ಪು ನಂದೇ, ಬಿಡಿ. ಬದಲಾಯಿಸಿ ಕೊಡ್ತೀನಿ. ಆದ್ರೆ ಆ ಸ್ಪ್ರಿಂಗು ತರಿಸ್ಬೇಕು, ಮೂರು ವಾರ ಹಿಡಿಯುತ್ತೆ."

ಮೂರು ವಾರ ಎಂದರೆ ಸೆಪ್ಟೆಂಬರ್ ಮುಗಿಯುತ್ತದೆ. ಅಕ್ಟೋಬರಿನ ದಂಡೆ ರಸ್ತೆಯ ಮೇಲೆ ಐಸು ಯಾವ ಬೆಳಿಗ್ಗೆ ಬೇಕಾದರೂ ಕೂರುತ್ತದೆ.

ಲೆಕ್ಕ ಮಾಡಿದೆ. ವರ್ಲಿನ್ ತನ್ನ ಪಾಡಿಗೆ ಸುಳ್ಳು ಬರೆದಿದ್ದರೆ ಇನ್ನೂರ ಮೂವತ್ತೈದಕ್ಕೆ ಇಪ್ಪತ್ತೈದು ಸೇರಿ ಇನ್ನೂರ ಅರವತ್ತು ಆಗುತ್ತಿತ್ತು. ಕರಾರುವಾಕ್ಕು. ಮಾರ್ಲಿಸ್‌ಳ ತೂಕವನ್ನು ಅವನು ಹೆದರಿ ನೂರ ನಲವತ್ತು ಬರೆದಿರುತ್ತಿದ್ದ, ಅದೂ ಸರಿಹೋಗುತ್ತಿತ್ತು. ಸವಾರರು ಸುಳ್ಳು ಬರೆಯುವುದು, ರಿಪೇರಿಯವರು ತಿದ್ದಿಕೊಳ್ಳುವುದು, ಎಲ್ಲರೂ ಸುಖವಾಗಿದ್ದರು. ಮಧ್ಯೆ ನಾನು ಹೋಗಿ ಸತ್ಯ ಸತ್ಯ ಎಂದು ಕುಣಿದೆ.

೬

"ಅಳತೆ ತಗೊಂಡು ನೋಡಿ," ಎಂದಿದ್ದಳು ಟ್ರೂಡಿ. "ಚಕ್ರ ಮೇಲೆತ್ತಿ ಫೋರ್ಕಿನ ಹೊಳೆಯೋ ಕೊಳವೆ ಎಷ್ಟುದ್ದ ಕಾಣುತ್ತೆ ನೋಡಿ. ಆಮೇಲೆ ಇಬ್ರೂ ಪೂರ್ತಿ ಡ್ರೆಸ್ಸಲ್ಲಿ ಕೂತ್ಕೊಳ್ಳಿ, ಎಷ್ಟು ಕುಸಿಯುತ್ತೆ ನೋಡಿ. ಮೂವತ್ತೈದು ಮಿಲಿಮೀಟರ್ ಕುಸಿದ್ರೆ ಚಿನ್ನದಂಥ ಫೋರ್ಕು. ಮೂವತ್ತಕ್ಕೆ ಬಂದ್ರೂ ಮೇಲಿನ ತಿರುಪು ಸಡಿಲ ಮಾಡಿ, ಎಣ್ಣೆ ತೆಳ್ಳಗಿನದು ಹಾಕಿ ನಿಭಾಯಿಸ್ಬಹುದು. ಅದಕ್ಕಿಂತ ಕಮ್ಮಿ ಬಂದ್ರೆ ಸ್ಪ್ರಿಂಗು ತೀರಾ ಗಟ್ಟಿ ಅಂತ, ನಿಮ್ಮನೆಯವರನ್ನ ಹತ್ತಿಸ್ಬೇಡಿ, ನಂಗೆ ತಂದ್ಕೊಡಿ. ಕೂತೋರಿಗೆ ಅಳೆಯೋಕಾಗಲ್ಲ, ಮೂರನೇ ಮನುಷ್ಯ ಬೇಕು."

ವರ್ಲಿನ್ ತಲೆಯೆತ್ತಿ ನನ್ನ ಕಡೆ ನೋಡಿದ.

"ಬಾ," ಎಂದ. "ಟೇಪು ಹಿಡಿ."

"ನಾನು ಕಥೆ ಬರೆಯೋನು. ನಾನು ಕಥೆಯೊಳಗೆ ಬರೋದು ಸರಿಯಲ್ಲ..."

"ತೂಕ ಬರಿಯೋವಾಗ ಒಳಗೆ ಬಂದಿದ್ಯಲ್ಲ? ಆಗ ಸರಿ ಇತ್ತಾ?"

ಬಾಯಿ ಮುಚ್ಚಿಕೊಂಡು ಟೇಪು ತೆಗೆದುಕೊಂಡೆ. ಆದರೂ ಒಳಗೆ ಹೋಗುವ ಮೊದಲು ತಪ್ಪಿಸಿಕೊಳ್ಳಲು ಒಂದೆರಡು ಅಂತ್ಯ ಅವರ ಮುಂದಿಟ್ಟೆ.

ಅಂತ್ಯ ಬಿ: ಹರ್ಮನ್‌ಟೌನಿನವನು ಬೈಕು ಒಯ್ಯುತ್ತಾನೆ. ಇವರಿಬ್ಬರೂ ಕಾರಿನಲ್ಲಿ ಹೀಟರ್ ಹಾಕಿಕೊಂಡು ಗ್ರಾಂಡ್ ಮರೇಗೆ ಹೋಗುತ್ತಾರೆ. ಪೈ ರುಚಿ ಅದೇ ಇರುತ್ತದೆ.

"ಹರ್ಮನ್‌ಟೌನಿನೋನು ಯಾರು?" ಎಂದಳು ಮಾರ್ಲಿಸ್. (ನೀವು ಬಾಯಿ ಬಿಡಲಿಲ್ಲ. ನಾನೇ ಬಿಟ್ಟೆ.) ವರ್ಲಿನ್ ಬೂಟಿನ ತುದಿ ನೋಡಿಕೊಂಡು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಗೂಟದಿಂದ ಜಾಕೆಟ್ಟು ತಂದು ಹಾಕಿಕೊಂಡಳು.

ಅಂತ್ಯ ಸಿ: ಕೊಳವೆ ಎಷ್ಟೇ ಕುಸಿಯಲಿ, ನಾನು ಮೂವತ್ನಾಲ್ಕು ಎಂದು ಬರೆಯುತ್ತೇನೆ. ಮದುವೆಯ ವರ್ಷವೂ ಅಷ್ಟೇ, ಓದುಗರಿಗೆ ಹಿತವಾಗಿರುತ್ತದೆ. ಬರೆಯುವವನು ನಾನು, ಯಾರು ಕೇಳುವವರು?

"ನೀನು ಬರೆದುಬಿಟ್ರೆ ಅಷ್ಟು ಕುಸಿಯುತ್ತಾ?" ಎಂದ ವರ್ಲಿನ್. ಅವನ ದನಿ ಏರಲಿಲ್ಲ. "ನೂರಹತ್ತು ಮೈಲಿ ಹಿಂದೆ ಕೂರೋಳು ಅವಳು. ನೀನು ಮುಕ್ತಾಯ ಅಂತ ಬರೆದು ಮಲಗ್ತೀಯ. ಅವಳ ಕುತ್ತಿಗೆ ಮಾರನೇ ದಿನಾನೂ ಇರುತ್ತೆ."

ಸಿ ಹರಿದು ಹಾಕಿದೆ.

೭

ಶನಿವಾರ ಮಧ್ಯಾಹ್ನ, ಗ್ಯಾರೇಜಿನ ಮುಂದೆ, ಜಲ್ಲಿಕಲ್ಲಿನ ಮೇಲೆ ಮಂಡಿಯೂರಿ ಕೂತಿದ್ದೇನೆ. ಚಕ್ರ ಎತ್ತಿದಾಗಿನ ಅಳತೆ ಬರೆದುಕೊಂಡಾಗಿದೆ. ವರ್ಲಿನ್ ಬೈಕು ಹತ್ತಿ, ಬೀಳದ ಹಾಗೆ ಗ್ಯಾರೇಜಿನ ಗೋಡೆಗೆ ಒಂದು ಕೈ ಕೊಟ್ಟ. ಮಾರ್ಲಿಸ್ ಹಿಂದಿನ ಸೀಟಿನ ಪಕ್ಕದಲ್ಲಿ ನಿಂತಳು.

"ಅಳೆಯೋಕೆ ಹತ್ತಿದ್ದು ಹತ್ತಿದ ಲೆಕ್ಕಕ್ಕೆ ಬರಲ್ಲ, ನೋಡು," ಎಂದಳು ಅವನಿಗೆ.

"ಬರಲ್ಲ," ಎಂದ ಅವನು.

ಹತ್ತಿದಳು. ಬೈಕು ಕುಸಿಯಿತು. ಟ್ರೂಡಿ ಹೇಳಿದ ಹಾಗೆ ವರ್ಲಿನ್ ಹ್ಯಾಂಡಲ್ಲನ್ನು ಎರಡು ಸಲ ಒತ್ತಿ ಬಿಟ್ಟ, ಬೈಕು ತಾನಾಗಿ ತನ್ನ ಜಾಗಕ್ಕೆ ಬಂದು ನಿಂತಿತು. ಮಾರ್ಲಿಸ್‌ಳ ಎರಡೂ ಕೈ ಅವನ ಸೊಂಟ ಬಳಸಿ ಮುಂದೆ ಬಂದು, ನಾನು ಬರೆಯದೇ ಇದ್ದ ಆ ಹೊಟ್ಟೆಯ ಮೇಲೆ ಒಂದರ ಮೇಲೊಂದು ಕೂತವು. ಅಳತೆಗೆ ಹಾಗೆ ಹಿಡಿದುಕೊಳ್ಳಬೇಕೆಂದು ಟ್ರೂಡಿ ಹೇಳಿರಲಿಲ್ಲ.

ನಾನು ಟೇಪು ಹಚ್ಚಿದೆ. ಸಂಖ್ಯೆ ಓದಿದೆ. ಮೊದಲಿನದರಿಂದ ಕಳೆದೆ.

"ಎಷ್ಟು?" ಎಂದ ವರ್ಲಿನ್. ಅವನಿಗೆ ಕಾಣುವುದಿಲ್ಲ, ಗೋಡೆಯಿಂದ ಕೈ ತೆಗೆದು ಬಗ್ಗಿದರೆ ಮೂವರೂ ಬೀಳುತ್ತೇವೆ.

ಮಾರ್ಲಿಸ್ ಕೇಳಲಿಲ್ಲ. ಹೆಲ್ಮೆಟ್ಟಿನೊಳಗಿಂದ ಸರೋವರದ ಕಡೆ ನೋಡುತ್ತಿದ್ದಳು. ಅವಳ ಕೈ ಮಾತ್ರ ಬಿಗಿಯಾಯಿತು.

ನಿಮಗೂ ಆ ಸಂಖ್ಯೆ ಬೇಕು, ನನಗೆ ಗೊತ್ತು. ಇಷ್ಟು ದೂರ ಓದಿದ್ದೀರಿ, ಕೇಳುವ ಹಕ್ಕಿದೆ. ಹೇಳುವುದಿಲ್ಲ. ಇದು ಜಾಣತನಕ್ಕಲ್ಲ, ಆಧುನಿಕೋತ್ತರಕ್ಕೂ ಅಲ್ಲ. ಈ ಇಬ್ಬರು ಅಲುಗಾಡದ ಬೈಕಿನ ಮೇಲೆ ಹೀಗೆ ಕೂತಿರುವಾಗ ಒಂದು ಸಂಖ್ಯೆ ಹೇಳಿ ಅವರನ್ನು ಇಳಿಸುವುದೋ, ಕಳಿಸುವುದೋ, ಎರಡೂ ನನ್ನಿಂದ ಆಗಲಿಲ್ಲ.

"ಟೇಪು ಜಾರಿತು," ಎಂದೆ. "ಸರಿಯಾಗಿ ಕಾಣ್ಲಿಲ್ಲ. ಇಳೀಬೇಡಿ. ಇನ್ನೊಂದ್ಸಲ ನೋಡ್ತೀನಿ."

"ಎಂಥಾ ಮನುಷ್ಯನೋ ನೀನು, ಒಂದು ಟೇಪು ಹಿಡಿಯೋಕೆ ಬರಲ್ಲ," ಎಂದು ವರ್ಲಿನ್ ಗೊಣಗಿದ. ಆದರೆ ಅಲುಗಲಿಲ್ಲ.

"ಬೈಬೇಡ ಪಾಪ," ಎಂದಳು ಮಾರ್ಲಿಸ್. "ನಿಧಾನಕ್ಕೆ ನೋಡಪ್ಪಾ. ನಮ್ಗೇನು ಅರ್ಜೆಂಟಿಲ್ಲ."